ಮೇಲಿನ ಮನೆಯ ಅಮೆರಿಕದವರು ಊರಿಗೆ ಹೋಗಿ ಬಂದರು

ಕಾಲೇಜಿನಲ್ಲಿ ಗೆಳತಿಯರು ನನ್ನನ್ನು ಆಗಾಗ ರೇಗಿಸುತ್ತಾರೆ: ‘ನಿಂಗೇನಮ್ಮಾ, ಮಹಡಿ ಮೆಟ್ಟಿಲು ಹತ್ತಿದ್ರೆ ಅಮೆರಿಕ!’ ಮಾತು ಪೂರ್ತಿ ಸುಳ್ಳಲ್ಲ. ಮೈಸೂರಿನ ಗೋಕುಲಂನಲ್ಲಿರುವ ನಮ್ಮ ಮನೆಯ ಮೇಲಿನ ಪೋರ್ಷನ್‌ನಲ್ಲಿ ಎರಡು ವರ್ಷದಿಂದ ಅಮೆರಿಕದ ದಂಪತಿ ಬಾಡಿಗೆಗೆ ಇದ್ದಾರೆ.

ಗೋಕುಲಂ ಗೊತ್ತಿರುವವರಿಗೆ ಇದು ಹೊಸದಲ್ಲ. ಪಟ್ಟಾಭಿ ಜೋಯಿಸರು 1975ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಷ್ಟಾಂಗ ಯೋಗ ಕಲಿಸಿ ಬಂದರು. ಆಮೇಲೆ ಅಲ್ಲಿಂದ ಇಲ್ಲಿಗೆ ಬರುವವರ ಸಾಲು ನಿಂತಿಲ್ಲ. ಬೆಳಗಿನ ಜಾವ ಯೋಗದ ಚಾಪೆ ಹೆಗಲಿಗೇರಿಸಿ ಸ್ಕೂಟರ್ ಓಡಿಸುವ ವಿದೇಶಿಯರನ್ನು ನಮ್ಮ ಬೀದಿಯ ನಾಯಿಗಳೂ ಬೊಗಳುವುದಿಲ್ಲ. ಆದರೆ ನಮ್ಮ ಮೇಲಿನ ಮನೆಯವರು ಎರಡು ತಿಂಗಳಿದ್ದು ಹೋಗುವವರಲ್ಲ. ಅಂಕಲ್‌ಗೆ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಆಂಟಿಗೆ ಯೋಗದ ಕ್ಲಾಸು, ಅದು ಮುಗಿದರೆ ದೇವರಾಜ ಮಾರುಕಟ್ಟೆ.

ಅವರು ಬಂದ ದಿನ ಅಪ್ಪ ಗಾಬರಿಯಾಗಿದ್ದರು. ವಿದೇಶಿಯರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ‘ಸಿ ಫಾರ್ಮ್’ ತುಂಬಿ ಸರ್ಕಾರಕ್ಕೆ ತಿಳಿಸಬೇಕು ಎಂದು ಯಾರೋ ಹೇಳಿದ್ದರು. ‘ನೀನು ಇಂಜಿನಿಯರಿಂಗ್ ಅಲ್ವಾ, ತುಂಬು’ ಎಂದು ಲ್ಯಾಪ್‌ಟಾಪ್ ಮುಂದೆ ನನ್ನನ್ನೇ ಕೂರಿಸಿದರು. ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ ಎಲ್ಲ ತುಂಬಿದ ಮೇಲೆ ಒಂದು ಕಡೆ ಅವರ ದೇಶದ ಖಾಯಂ ವಿಳಾಸ ಬೇಕಾಯಿತು. ಅಂಕಲ್ ಒಹಾಯೊ ರಾಜ್ಯದ ಒಂದು ಸಣ್ಣ ಊರಿನ ವಿಳಾಸ ಹೇಳಿದರು. ‘ಅಮ್ಮನ ಮನೆ. ಇಲ್ಲಿಗೆ ಬರುವ ಮುಂಚೆ ಕೊನೆಯ ಆರು ತಿಂಗಳು ಅಲ್ಲೇ ಇದ್ದೆವು’ ಎಂದರು. ಆ ವಿಳಾಸ ನನಗೆ ಇವತ್ತಿಗೂ ಬಾಯಿಪಾಠ. ಅದರ ಕತೆ ಆಮೇಲೆ ಹೇಳುತ್ತೇನೆ.

ನನಗೂ ಅಮೆರಿಕಕ್ಕೂ ಇರುವ ನಂಟು ಮೇಲಿನ ಮನೆ ಒಂದೇ ಅಲ್ಲ. ನನ್ನ ಅಕ್ಕ ಐದು ವರ್ಷದ ಹಿಂದೆ ಎಂಎಸ್ ಓದಲು ಟೆಕ್ಸಾಸ್‌ಗೆ ಹೋದಳು, ಅಲ್ಲೇ ಕೆಲಸ ಸಿಕ್ಕಿತು. ನಾನೀಗ ಆರನೇ ಸೆಮಿಸ್ಟರ್. ನನ್ನ ಕ್ಲಾಸಿನಲ್ಲಿ ಅರ್ಧ ಜನ ಜಿಆರ್‌ಇ ಪುಸ್ತಕ ಹಿಡಿದಿದ್ದಾರೆ. ನನ್ನ ಮೇಜಿನ ಮೇಲೂ ಒಂದು ಇದೆ. ಹಾಗಾಗಿ ಮೇಲಿನ ಮನೆಯವರನ್ನು ನಾನು ಮೊದಲಿಗೆ ನೋಡಿದ್ದು ಉಚಿತ ಕೋಚಿಂಗ್ ಸೆಂಟರ್ ತರಹ. ಅಲ್ಲಿ ಬಾಡಿಗೆ ಎಷ್ಟು, ಚಳಿ ಹೇಗೆ, ಪಾರ್ಟ್‌ಟೈಮ್ ಕೆಲಸ ಸಿಗುತ್ತಾ ಎಂದು ತಲೆ ತಿನ್ನುತ್ತಿದ್ದೆ. ಅವರಿಂದ ನಾನು ಕಲಿತದ್ದು ಮಾತ್ರ ಬೇರೆಯೇ ಆಯಿತು.

ಅವರು ದೇಶ ಬಿಟ್ಟು ಬಂದರೂ ದೇಶ ಅವರನ್ನು ಬಿಟ್ಟಿಲ್ಲ ಎನ್ನುವುದು ಮೊದಲು ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಒಂದು ಭಾನುವಾರ ಅಂಕಲ್ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡಿದ್ದರು. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ತನ್ನ ದೇಶಕ್ಕೆ ತೆರಿಗೆ ಲೆಕ್ಕ ಒಪ್ಪಿಸಬೇಕಂತೆ. ವಾಸವನ್ನು ನೋಡದೆ ಪೌರತ್ವ ನೋಡಿ ಹೀಗೆ ತೆರಿಗೆ ಹಾಕುವ ದೇಶಗಳು ಎರಡೇ: ಅಮೆರಿಕ ಮತ್ತು ಆಫ್ರಿಕಾದ ಎರಿಟ್ರಿಯಾ. ವಿದೇಶದಲ್ಲಿ ದುಡಿದದ್ದರಲ್ಲಿ ಒಂದು ಮಿತಿಯವರೆಗೆ ವಿನಾಯಿತಿ ಇದೆ, 2024ರ ಆದಾಯಕ್ಕೆ ಅದು 1,26,500 ಡಾಲರ್. ಹಾಗಾಗಿ ಹೆಚ್ಚಿನವರು ಕೊನೆಗೆ ಕಟ್ಟುವುದು ಸೊನ್ನೆಯೇ ಇರಬಹುದು, ಆದರೆ ಲೆಕ್ಕ ಕೊಡುವುದು ತಪ್ಪುವುದಿಲ್ಲ. ಹೊರದೇಶದ ಬ್ಯಾಂಕ್ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಅದಕ್ಕೆ ಬೇರೆ ವರದಿ. ‘ನಮ್ಮ ಮೈಸೂರಿನ ಪಾಸ್‌ಬುಕ್ಕನ್ನು ವಾಷಿಂಗ್ಟನ್‌ನವರು ಓದುತ್ತಾರೆ’ ಎಂದು ಅಂಕಲ್ ನಕ್ಕರು. ನೀವು ಬ್ಯಾಂಕ್ ಅಥವಾ ಮ್ಯೂಚುವಲ್ ಫಂಡ್ ಖಾತೆ ತೆರೆಯುವಾಗ ‘ಬೇರೆ ದೇಶದ ತೆರಿಗೆದಾರರೇ?’ ಎಂಬ ಪ್ರಶ್ನೆಗೆ ಸುಮ್ಮನೆ ಟಿಕ್ ಹಾಕಿರುತ್ತೀರಿ. ಆ ಪ್ರಶ್ನೆ ಇರುವುದು ಇಂಥವರಿಗಾಗಿ.

ಮತದಾನದ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚಾಯಿತು. 2024ರ ನವೆಂಬರ್ ಚುನಾವಣೆಗೆ ಅವರಿಬ್ಬರೂ ಗೋಕುಲಂನಿಂದಲೇ ಮತ ಹಾಕಿದರು. ವಿದೇಶದಲ್ಲಿರುವ ಅಮೆರಿಕನ್ನರು ತಾವು ಕೊನೆಗೆ ವಾಸವಿದ್ದ ವಿಳಾಸದ ಮತದಾರರಾಗಿಯೇ ಉಳಿಯುತ್ತಾರೆ, ಮತಪತ್ರ ಅವರಿದ್ದಲ್ಲಿಗೆ ಬರುತ್ತದೆ. ನನ್ನ ಅಕ್ಕ ಟೆಕ್ಸಾಸ್‌ನಿಂದ ಇಲ್ಲಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಮೈಸೂರಿನ ಮತಗಟ್ಟೆಗೇ ಬರಬೇಕು. ಒಂದು ಮತಕ್ಕೆ ವಿಮಾನದ ಟಿಕೆಟ್ ಯಾರು ತೆಗೆಯುತ್ತಾರೆ?

ಕಳೆದ ಜೂನ್‌ನಲ್ಲಿ ಅವರು ಊರಿಗೆ ಹೊರಟರು. ಎರಡು ವರ್ಷದಲ್ಲಿ ಮೊದಲ ಸಲ. ಮೂರು ವಾರ ರಜೆ.

ಹೊರಡುವ ತಯಾರಿ ನೋಡಿ ನಮ್ಮ ಮನೆಯವರಿಗೆಲ್ಲ ನಗು. ಯಾಕೆಂದರೆ ಅದು ಥೇಟ್ ನಮ್ಮ ಅಕ್ಕನ ತಯಾರಿ, ದಿಕ್ಕು ಮಾತ್ರ ತಿರುಗಾಮುರುಗಾ. ತಲಾ 23 ಕಿಲೋದ ಎರಡು ಸೂಟ್‌ಕೇಸು. ಮೈಸೂರು ಸ್ಯಾಂಡಲ್ ಸೋಪು, ಕಾಫಿ ಪುಡಿ, ತಮ್ಮನ ಮಕ್ಕಳಿಗೆ ಚನ್ನಪಟ್ಟಣದ ಗೊಂಬೆ, ಅತ್ತೆಗೆ ಹತ್ತಿಯ ಶಾಲು. ಅಕ್ಕನಿಗಾಗಿ ಅಪ್ಪ ತಂದಿಟ್ಟಿದ್ದ ಪುಟ್ಟ ತಕ್ಕಡಿಗೆ ಸೂಟ್‌ಕೇಸ್ ನೇತು ಹಾಕಿ ತೂಗಿದ್ದು ನಾನು. ಎರಡು ಕಿಲೋ ಹೆಚ್ಚಿತ್ತು. ಅಮ್ಮ ಮಾಡಿಕೊಟ್ಟ ಚಕ್ಕುಲಿ ಡಬ್ಬ ತೆಗೆಯಲು ಆಂಟಿ ಒಪ್ಪದೆ ತಮ್ಮ ಚಪ್ಪಲಿ ತೆಗೆದರು.

ಹೊರಡುವ ವಾರದಲ್ಲಿ ಇಬ್ಬರೂ ಇಲ್ಲೇ ಹಲ್ಲು ತೋರಿಸಿಕೊಂಡು, ಕನ್ನಡಕ ಮಾಡಿಸಿಕೊಂಡು ಬಂದರು. ಅಲ್ಲಿ ದುಬಾರಿಯಂತೆ. ಅಷ್ಟೇ ಅಲ್ಲ, ತಮ್ಮ ಸ್ವಂತ ದೇಶಕ್ಕೆ ಮೂರು ವಾರ ಹೋಗಿ ಬರಲು ಪ್ರವಾಸಿಗರ ಆರೋಗ್ಯ ವಿಮೆ ಮಾಡಿಸಿದರು. ಕೆಲಸ ಬಿಟ್ಟು ಬರುವಾಗ ಅಲ್ಲಿನ ವಿಮೆಯೂ ಹೋಗಿತ್ತು. ‘ಹುಟ್ಟಿದ ಊರಿಗೇ ಇನ್ಶೂರೆನ್ಸಾ?’ ಎಂದು ಅಪ್ಪ ಬಾಯಿ ಮೇಲೆ ಬೆರಳಿಟ್ಟರು.

ರಾತ್ರಿ ಫ್ಲೈಬಸ್ ಹತ್ತಿಸಲು ಹೋದಾಗ ಆಂಟಿಯ ಮುಖದಲ್ಲಿ ಸಂಭ್ರಮ. ‘ಮನೆಗೆ ಹೋಗ್ತಾ ಇದೀವಿ’ ಎಂದು ಕನ್ನಡದಲ್ಲೇ ಹೇಳಿದರು. ಅಮ್ಮ ಕಲಿಸಿದ್ದ ವಾಕ್ಯ.

ಮೂರು ವಾರದ ನಂತರ ಅದೇ ಬಸ್ಸಿನಲ್ಲಿ ಇಳಿದಾಗ ಇಬ್ಬರೂ ಸೋತು ಸುಣ್ಣವಾಗಿದ್ದರು. ಎರಡು ದಿನ ಮೇಲಿನ ಮನೆಯಲ್ಲಿ ಸದ್ದೇ ಇಲ್ಲ. ಮೂರನೇ ದಿನ ಸಂಜೆ ಆಂಟಿ ಕೆಳಗೆ ಬಂದು ಅಡುಗೆಮನೆಯ ಕಟ್ಟೆಯ ಪಕ್ಕ ಸ್ಟೂಲ್ ಎಳೆದು ಕೂತರು. ಅಮ್ಮ ಕಾಫಿ ಕೊಟ್ಟು ‘ಊಟ ಆಯ್ತಾ?’ ಎಂದರು. ಅಷ್ಟಕ್ಕೇ ಆಂಟಿಯ ಕಣ್ಣು ತುಂಬಿತು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ನಾನು ನಡುವೆ ನಿಂತು ಅನುವಾದ ಮಾಡಿದೆ.

ಮೊದಲು ನಗುವ ಸಂಗತಿಗಳೇ ಬಂದವು. ಬಾಡಿಗೆ ಕಾರು ಹತ್ತಿದ ಅಂಕಲ್ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಒಣ ಬಿಸಿಲಲ್ಲಿ ವೈಪರ್ ಓಡಿತಂತೆ. ನಮ್ಮ ಕಾರುಗಳಲ್ಲಿ ಆ ಎರಡು ಕಡ್ಡಿಗಳು ಇರುವ ಜಾಗ ಅದಲುಬದಲು. ಅಂಗಡಿಯಲ್ಲಿ ಶೂ ಕೊಂಡು ಬೆಲೆಚೀಟಿಯಲ್ಲಿ ಇದ್ದಷ್ಟೇ ದುಡ್ಡು ಎಣಿಸಿ ಕೊಟ್ಟರೆ ಬಿಲ್ಲು ಹೆಚ್ಚಿತ್ತು. ಒಹಾಯೊದಲ್ಲಿ ಮಾರಾಟ ತೆರಿಗೆಯನ್ನು ಆಮೇಲೆ ಸೇರಿಸುತ್ತಾರೆ, ನಮ್ಮ ಎಂಆರ್‌ಪಿ ತರಹ ಒಳಗೇ ಸೇರಿರುವುದಿಲ್ಲ. ಆಂಟಿಯ ತವರು ಆರಿಗನ್ ರಾಜ್ಯ. ಅಲ್ಲಿ ಮಾರಾಟ ತೆರಿಗೆಯೇ ಇಲ್ಲ. ಮಾತಾಡುತ್ತ ಮಾತಾಡುತ್ತ ತಲೆ ಅಲ್ಲಾಡಿಸುವುದನ್ನು ನೋಡಿ ತಮ್ಮನ ಮಕ್ಕಳು ‘ಹೌದೋ ಅಲ್ಲವೋ?’ ಎಂದು ಕೇಳಿದವಂತೆ. ಯಾರ ಮನೆಗೆ ಹೋದರೂ ಬಾಗಿಲಲ್ಲೇ ಶೂ ಬಿಚ್ಚಿ ಅವರನ್ನು ಮುಜುಗರಕ್ಕೆ ಹಾಕಿದರಂತೆ.

ಆಮೇಲೆ ಆಂಟಿಯ ದನಿ ಸಣ್ಣದಾಯಿತು. ಮೂರು ವಾರದಲ್ಲಿ ಒಂದೂವರೆ ವಾರ ಒಹಾಯೊ, ಒಂದೂವರೆ ವಾರ ಆರಿಗನ್. ದೇಶದ ಆ ತುದಿಗೂ ಈ ತುದಿಗೂ ಮೂರು ಗಂಟೆ ವ್ಯತ್ಯಾಸ. ಭಾರತದ ನಿದ್ದೆ ಇಳಿಯುವ ಮುಂಚೆಯೇ ಎರಡನೇ ಸಲ ಗಡಿಯಾರ ತಿರುಗಿಸಬೇಕಾಯಿತು. ದಿನಕ್ಕೆ ಎರಡು ಮನೆ, ಎರಡು ಊಟ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: ‘ಇಂಡಿಯಾ ಹೇಗಿದೆ?’ ಉತ್ತರ ಶುರು ಮಾಡಿ ಎರಡು ನಿಮಿಷ ಆಗುವಷ್ಟರಲ್ಲಿ ಮಾತು ಫುಟ್‌ಬಾಲ್‌ಗೆ, ಪಕ್ಕದ ಮನೆಯ ನಾಯಿಗೆ ತಿರುಗುತ್ತಿತ್ತು. ‘ಅವರದು ತಪ್ಪಲ್ಲ. ನಾವಿಲ್ಲದ ಎರಡು ವರ್ಷ ಅವರೂ ಬದುಕಿದ್ದಾರಲ್ಲ. ನಮಗೂ ಅವರ ಮಾತಿನ ಅರ್ಧ ಹೆಸರುಗಳು ಗೊತ್ತಿರಲಿಲ್ಲ’ ಎಂದರು ಆಂಟಿ.

ಆ ವಿಳಾಸದ ಕತೆ ಬಂದದ್ದು ಆಗ. ಅಂಕಲ್ ಅವರ ತಾಯಿಗೆ 79 ವರ್ಷ. ಮೆಟ್ಟಿಲು ಹತ್ತಲಾಗದೆ ಕಳೆದ ಚಳಿಗಾಲದಲ್ಲಿ ಹಿರಿಯರ ಆರೈಕೆಯ ವಸತಿಗೆ ಸೇರಿದ್ದಾರೆ. ಅದರ ಖರ್ಚಿಗಾಗಿ ಮನೆ ಮಾರಿದ್ದಾರೆ. ಇವರಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ, ಫೋನಿನಲ್ಲೇ ಎಲ್ಲ ತೀರ್ಮಾನವಾಗಿತ್ತು. ಆದರೆ ಗೊತ್ತಿರುವುದೇ ಬೇರೆ, ಹೋಗಿ ನಿಲ್ಲುವುದೇ ಬೇರೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿದ ಅಧಿಕಾರಿ ‘ಮನೆಗೆ ಸ್ವಾಗತ’ ಎಂದರಂತೆ. ಇವರು ಅಲ್ಲಿಂದ ಹೋಗಿದ್ದು ಹೆದ್ದಾರಿ ಪಕ್ಕದ ಮೋಟೆಲ್‌ಗೆ. ಅಂಕಲ್ ತಾವು ಹುಟ್ಟಿ ಬೆಳೆದ ಊರಿನಲ್ಲಿ ಮೊದಲ ಬಾರಿಗೆ ಬಾಡಿಗೆ ರೂಮಿನಲ್ಲಿ ಮಲಗಿದರು. ಒಂದು ಸಂಜೆ ಹಳೆ ಮನೆಯ ಮುಂದೆ ಕಾರು ನಿಲ್ಲಿಸಿದರಂತೆ. ವರಾಂಡದಲ್ಲಿ ಯಾರದೋ ಮಕ್ಕಳ ಸೈಕಲ್. ಬಾಗಿಲಿಗೆ ಬೇರೆ ಬಣ್ಣ. ಇಳಿಯಲಿಲ್ಲ.

ತಮಾಷೆ ಎಂದರೆ ಮತದಾರರ ಪಟ್ಟಿಯಲ್ಲಿ ಇವತ್ತಿಗೂ ಅವರ ವಿಳಾಸ ಅದೇ. ಮನೆ ಮಾರಿದರೂ ಪರವಾಗಿಲ್ಲ, ಕೊನೆಗೆ ವಾಸವಿದ್ದ ಜಾಗವೇ ಲೆಕ್ಕ. ‘ಸರ್ಕಾರದ ಕಡತದಲ್ಲಿ ನಾನಿನ್ನೂ ಆ ಮನೆಯ ಹುಡುಗ’ ಎಂದು ಅಂಕಲ್ ಆಮೇಲೊಮ್ಮೆ ನನಗೆ ಹೇಳಿದರು. ಈ ಸಲ ಅವರು ನಗಲಿಲ್ಲ.

ಆಂಟಿ ಕೊನೆಗೆ ಹೇಳಿದ್ದು ಇದು: ‘ಹತ್ತೂವರೆ ದಿನದಲ್ಲಿ ನಾವು ಅಮ್ಮನ ಜೊತೆ ಎಷ್ಟು ಹೊತ್ತು ಇದ್ದೆವು ಗೊತ್ತಾ? ಉಳಿದವರನ್ನೆಲ್ಲ ನೋಡುವ ಗಡಿಬಿಡಿಯಲ್ಲಿ ದಿನಕ್ಕೆ ಒಂದು ಗಂಟೆ. ನನಗೆ ಬೇಕಿದ್ದುದು ಒಂದೇ ಒಂದು ಇಡೀ ದಿನ. ಎಲ್ಲೂ ಹೋಗದೆ, ಯಾರಿಗೂ ಏನನ್ನೂ ವಿವರಿಸದೆ, ಅವರ ಪಕ್ಕದಲ್ಲಿ ಸುಮ್ಮನೆ ಕೂರುವ ದಿನ. ಅದನ್ನು ಯಾರಲ್ಲಿ ಕೇಳಲಿ? ಎರಡು ವರ್ಷಕ್ಕೊಮ್ಮೆ ಬಂದವಳು ಸುಮ್ಮನೆ ಕೂರುತ್ತೇನೆ ಎಂದರೆ ಕೊಬ್ಬು ಎನ್ನುತ್ತಾರೆ.’

ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ನನ್ನ ಬಾಯಿಯಿಂದ ಮಾತು ಹೊರಡಲಿಲ್ಲ. ಯಾಕೆಂದರೆ ಆ ‘ಕೊಬ್ಬು’ ಎಂಬ ಮಾತನ್ನು ನಾನೇ ಒಮ್ಮೆ ಆಡಿದ್ದೆ.

ಅಕ್ಕ ಹೋದ ಮೇಲೆ ಒಂದೇ ಸಲ ಬಂದಿದ್ದಾಳೆ. ಮೇಲಿನ ಮನೆಯವರು ಬರುವುದಕ್ಕೆ ಕೆಲವು ತಿಂಗಳ ಮುಂಚೆ. ಹದಿನೇಳು ದಿನ. ಅದರಲ್ಲಿ ಮೂರು ದಿನ ವೀಸಾ ಮುದ್ರೆಗಾಗಿ ಚೆನ್ನೈಗೆ ಓಡಾಟ. ಅದು ಸಿಗದಿದ್ದರೆ ವಾಪಸ್ ಕೆಲಸಕ್ಕೆ ಹೋಗುವಂತಿಲ್ಲ, ಆ ಭಯದಲ್ಲಿ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಉಳಿದ ದಿನಗಳಿಗೆ ಅಮ್ಮ ಮೊದಲೇ ಪಟ್ಟಿ ಮಾಡಿದ್ದರು. ನಂಜನಗೂಡಿನ ದೇವಸ್ಥಾನ, ಮಂಡ್ಯದ ದೊಡ್ಡಪ್ಪ, ಹಾಸನದ ಅತ್ತೆ, ಬೆಂಗಳೂರಿನಲ್ಲಿ ಒಂದು ಮದುವೆ, ನಡುವೆ ಸೀರೆ ಅಂಗಡಿ. ಹನ್ನೆರಡನೇ ದಿನ ಬೆಳಿಗ್ಗೆ ಕಾರು ಬಾಗಿಲಿಗೆ ಬಂದಾಗ ಅಕ್ಕ ಏಳಲೇ ಇಲ್ಲ. ‘ಅಮ್ಮಾ, ಈ ಮನೇಲಿ ನನ್ನನ್ನ ಒಂದು ದಿನ ಸುಮ್ನೆ ಇರಕ್ಕೆ ಬಿಡಿ’ ಎಂದಳು. ಅಮ್ಮ ಅತ್ತರು. ನಾನು ಬಾಗಿಲಲ್ಲಿ ನಿಂತು ‘ಡಾಲರ್ ಕೊಬ್ಬು ಬಂದಿದೆ ನಿಂಗೆ. ವರ್ಷಗಟ್ಟಲೆ ಕಾದವರು ನಾವು’ ಎಂದೆ. ಅವಳು ಎದ್ದು ಮುಖ ತೊಳೆದು ಕಾರು ಹತ್ತಿದಳು. ಹಾಸನದವರೆಗೆ ಕಿಟಕಿ ನೋಡುತ್ತ ಕೂತಿದ್ದಳು.

ಅವಳು ‘ಈ ಮನೇಲಿ’ ಎಂದದ್ದು ಎಲ್ಲಿ ಮಲಗಿಕೊಂಡು ಎಂದು ನೆನಪಾದರೆ ಈಗ ನಾಚಿಕೆಯಾಗುತ್ತದೆ. ನಾವಿಬ್ಬರೂ ಒಂದೇ ರೂಮಿನಲ್ಲಿ ಬೆಳೆದವರು. ಅವಳು ಹೋದ ಮೇಲೆ ಅವಳ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ನನ್ನ ಕಂಪ್ಯೂಟರ್ ಟೇಬಲ್ ಇಟ್ಟಿದ್ದೆವು. ಹದಿನೇಳು ದಿನವೂ ಅವಳು ನೆಲದ ಮೇಲೆ ಹಾಸಿಗೆ ಹಾಕಿ ಮಲಗಿದ್ದಳು. ಅವಳ ಬೀರುವಿನ ಕಪಾಟಿನಲ್ಲಿ ನನ್ನ ಲ್ಯಾಬ್ ರೆಕಾರ್ಡುಗಳಿದ್ದವು. ಅವಳ ಬಟ್ಟೆ ಸೂಟ್‌ಕೇಸಿನಿಂದ ಹೊರಗೆ ಬರಲೇ ಇಲ್ಲ. ಮನೆ ಮಾರಿದ್ದು ಒಹಾಯೊದಲ್ಲಿ. ನಾವು ಮಾರದೆಯೇ ಆ ಕೆಲಸ ಮಾಡಿದ್ದೆವು.

ಆ ರಾತ್ರಿ ಅಮ್ಮನಿಗೆ ಆಂಟಿಯ ಮಾತನ್ನು ಪೂರ್ತಿ ಹೇಳಿದೆ. ಅಮ್ಮ ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ನಾನು ಜನಕ್ಕೆ ತೋರಿಸಕ್ಕೆ ಕರ್ಕೊಂಡು ಹೋದೆ ಅನ್ಕೊಂಡಳೇನೋ. ನಂಗೆ ಅವಳನ್ನ ಎಲ್ಲರೂ ಮರೆತುಬಿಟ್ಟಾರು ಅಂತ ಭಯ’ ಎಂದರು. ಅಮ್ಮನ ಕಡೆಯ ಈ ಮಾತೂ ನನಗೆ ಆವತ್ತೇ ಗೊತ್ತಾದದ್ದು. ಅಕ್ಕನ ಹಳೆಯ ಸಿಮ್‌ಗೆ ಅಮ್ಮ ಐದು ವರ್ಷದಿಂದ ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ. ಬ್ಯಾಂಕಿನ ಒಟಿಪಿ ಬರಲಿ ಎಂದು ನಾವಂದುಕೊಂಡಿದ್ದೆವು. ಕಾರಣ ಅದೊಂದೇ ಇರಲಿಕ್ಕಿಲ್ಲ.

ಭಾನುವಾರ ನಾನೇ ಅಕ್ಕನಿಗೆ ಫೋನ್ ಮಾಡಿದೆ. ಸಾಮಾನ್ಯವಾಗಿ ನಮ್ಮ ಮಾತು ‘ಯಾವಾಗ ಬರ್ತೀಯಾ?’ ಎಂದು ಶುರುವಾಗಿ ಅಲ್ಲೇ ಜಗಳವಾಗಿ ನಿಲ್ಲುತ್ತಿತ್ತು. ಮೇಲಿನ ಮನೆಯ ಆಂಟಿ ತಮ್ಮ ಅತ್ತೆಯ ಜೊತೆ ಈಗ ಬೇರೆ ರೀತಿ ಮಾತಾಡುತ್ತಾರೆ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದು ಮುಗಿದುಹೋಗುತ್ತಿತ್ತಂತೆ. ನಮ್ಮಮ್ಮನಿಂದ ಕಲಿತ ‘ಊಟ ಆಯ್ತಾ, ಏನು ಊಟ?’ ಎಂಬುದನ್ನೇ ಇಂಗ್ಲಿಷಿನಲ್ಲಿ ಕೇಳಿದರೆ ಅತ್ತೆ ಅರ್ಧ ಗಂಟೆ ಮಾತಾಡುತ್ತಾರಂತೆ. ಬೇಯಿಸಿದ ಆಲೂಗಡ್ಡೆ, ಪಕ್ಕದ ಕುರ್ಚಿಯ ಅಜ್ಜಿ, ಉಪ್ಪು ಕಡಿಮೆ ಹಾಕುವ ಅಡುಗೆಯವರು. ನಾನೂ ಹಾಗೇ ಕೇಳಿದೆ. ಅಕ್ಕ ‘ಅನ್ನ, ನಿನ್ನೆಯ ಸಾರು’ ಎಂದಳು. ಸಾರಿಗೆ ಏನು ಹಾಕಿದ್ದೆ ಎಂದೆ. ಹಾಗೇ ಮಾತು ಬೆಳೆಯಿತು. ಕೊನೆಗೆ ‘ಆವತ್ತು ಕೊಬ್ಬು ಅಂದಿದ್ದಕ್ಕೆ ಸಾರಿ ಕಣೇ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಇನ್ನೂ ನೆನಪಿಟ್ಕೊಂಡಿದೀಯಾ ಪುಟ್ಟಿ? ನಾನು ಮರೆತೇಬಿಟ್ಟಿದ್ದೆ’ ಎಂದಳು. ಮರೆತಿರಲಿಲ್ಲ ಎನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು.

ಜಿಆರ್‌ಇ ಪುಸ್ತಕ ನನ್ನ ಮೇಜಿನ ಮೇಲೆ ಇನ್ನೂ ಇದೆ. ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಅಂಕಲ್-ಆಂಟಿಗೂ ಇಲ್ಲಿಗೆ ಬಂದದ್ದಕ್ಕೆ ಬೇಸರವಿಲ್ಲ, ಅಕ್ಕನಿಗೂ ಅವಳ ಕೆಲಸ ಇಷ್ಟ. ಆದರೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ನಾವು ಲೆಕ್ಕ ಹಾಕುವುದು ಫೀಸು, ಸಾಲ, ಸಂಬಳ, ಇಷ್ಟೇ. ಊರಿಗೆ ಬರುವ ದಿನಗಳ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹೋಗುವವರು ಅದನ್ನೂ ಒಂದು ಸಾಲಾಗಿ ಬರೆದುಕೊಳ್ಳಿ. ಮನೆಯಲ್ಲಿ ಉಳಿಯುವವರು ಅವರ ಮಂಚದ ಜಾಗ ಹಾಗೇ ಬಿಟ್ಟಿರಿ. ಜಾಗ ಇಲ್ಲದಿದ್ದರೆ ಕಪಾಟಿನ ಒಂದು ಅಂಕಣವಾದರೂ ಸಾಕು.

ಅಕ್ಕ ಡಿಸೆಂಬರ್‌ನಲ್ಲಿ ಬರುತ್ತಿದ್ದಾಳೆ. ಹತ್ತೊಂಬತ್ತು ದಿನ. ಅಮ್ಮ ಮತ್ತೆ ಪಟ್ಟಿ ಮಾಡಿದ್ದಾರೆ, ಆದರೆ ಮೊದಲ ನಾಲ್ಕು ದಿನದ ಮುಂದೆ ‘ಏನೂ ಇಲ್ಲ’ ಎಂದು ಬರೆದಿದ್ದಾರೆ. ಹಾಸನದ ಅತ್ತೆ ತಾವೇ ಬಂದು ನೋಡಿಕೊಂಡು ಹೋಗುತ್ತಾರಂತೆ.

ಹೋದ ಭಾನುವಾರ ಅಪ್ಪ ಅಟ್ಟದಿಂದ ಮಂಚ ಇಳಿಸಿದರು. ಎರಡು ಬೋಲ್ಟು ಕಳೆದುಹೋಗಿದ್ದವು. ಮೆಕ್ಯಾನಿಕಲ್ ಓದುವ ಮಗಳು ಇದ್ದೂ ಅರ್ಧ ದಿನ ಒದ್ದಾಡಿದೆವು. ಬಡಿಯುವ ಸದ್ದು ಕೇಳಿ ಮೇಲಿನಿಂದ ಅಂಕಲ್ ಸ್ಪ್ಯಾನರ್ ಹಿಡಿದು ಬಂದರು. ತಮ್ಮ ಡಬ್ಬದಲ್ಲಿ ಹುಡುಕಿ ಸರಿಹೊಂದುವ ಬೋಲ್ಟು ಕೊಟ್ಟರು. ಮಂಚ ನಿಂತ ಮೇಲೆ ಅದರ ಮೇಲೆ ಕೂತು, ಎದ್ದು, ಇನ್ನೊಮ್ಮೆ ಕೂತು ನೋಡಿ, ‘ಗಟ್ಟಿಯಾಗಿದೆ’ ಎಂದರು. ನನ್ನ ಕಂಪ್ಯೂಟರ್ ಟೇಬಲ್ ಈಗ ಹಾಲ್‌ನಲ್ಲಿದೆ.